ಕುಗ್ಗಿದ ನೀಹಾರಿಕೆ

ಅಳತೆ ಕಡಿಮೆ ಬಂದರೆ ಹಂಚಿಬಿಡಬೇಕು. ಭೂಮಾಪನದಲ್ಲಿ ನಾನು ಕಲಿತ ಮೊದಲ ವಿದ್ಯೆ ಇದು. ಕಲಿಸಿದವರು ಶಿಕಾರಿಪುರದ ಒಬ್ಬ ಹಿರಿಯ ಮೋಜಣಿದಾರರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೂ ಹೊಲಗಳ ನಂಬರುಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಹಳೆಯ ದಾಖಲೆಯಲ್ಲಿ ಎರಡು ಎಕರೆ ಎಂದಿರುತ್ತದೆ, ನೆಲದ ಮೇಲೆ ಚೈನು ಹಿಡಿದರೆ ಒಂದು ಗುಂಟೆ ಕಡಿಮೆ ಬರುತ್ತದೆ. ಆಗೇನು ಮಾಡಬೇಕು ಎಂದು ಕೇಳಿದ್ದೆ.

"ಭೂಮಿ ಎಲ್ಲಿಗೂ ಓಡಿಹೋಗಿರಲ್ಲ. ಚೈನು ಜಗ್ಗಿರ್ತೈತಿ, ಇಲ್ಲಾ ಹಿಡ್ದೋನ ಕೈ ನಡುಗಿರ್ತೈತಿ. ಎಲ್ಲಾ ಗೆರೆಗೂ ಚೂರುಚೂರು ಹಂಚಿಬಿಡು. ಯಾರಿಗೂ ನೋವಾಗಲ್ಲ," ಎಂದಿದ್ದರು.

ಒಂದು ಮಿತಿಯೊಳಗೆ ಇದಕ್ಕೆ ನಿಯಮದಲ್ಲೂ ಅವಕಾಶವಿದೆ. ಹಾಗಾಗಿ ಹಂಚುತ್ತಲೇ ಬಂದೆ. ನಾನು ಪರವಾನಗಿ ಭೂಮಾಪಕ. ವಾಸ ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಒಂದು ಬಾಡಿಗೆ ಕೋಣೆ, ಕೆಲಸ ಹೆಚ್ಚಾಗಿ ಸೊರಬ ತಾಲ್ಲೂಕಿನಲ್ಲಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಾದ್ದರಿಂದ ಏಳು ವರ್ಷಗಳಿಂದ ಅರೆಕಾಲಿಕ ಸಂಶೋಧನೆಯ ಹುಚ್ಚನ್ನೂ ಹಚ್ಚಿಕೊಂಡಿದ್ದೆ. ಹೊಟ್ಟೆಗೆ ಭೂಮಿ, ಉಳಿದ ಹೊತ್ತಿಗೆ ಆಕಾಶ. ಎರಡೂ ಕಡೆ ನನ್ನ ಕೆಲಸ ಒಂದೇ, ಅಂಚು ಎಲ್ಲಿದೆ ಎಂದು ಹೇಳುವುದು.

ಆಕಾಶದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಗ್ರಹೀಯ ನೀಹಾರಿಕೆ. ಹೆಸರಿನಲ್ಲಿ ಗ್ರಹವಿದೆ, ಒಳಗೆ ಯಾವ ಗ್ರಹವೂ ಇಲ್ಲ. ಹಿಂದೆ ಸಣ್ಣ ದೂರದರ್ಶಕದಲ್ಲಿ ನೋಡಿದವರಿಗೆ ಗ್ರಹದಂತೆ ದುಂಡಗೆ ಕಂಡಿತು, ಹೆಸರು ಅಂಟಿಕೊಂಡಿತು. ನಮ್ಮ ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಉಬ್ಬಿ ತನ್ನ ಹೊರಮೈಯನ್ನೆಲ್ಲ ಕಳಚಿ ಎಸೆಯುತ್ತದೆ. ನಡುವೆ ಉಳಿಯುವುದು ಬರೀ ಒಳತಿರುಳು. ಅದು ಕುಗ್ಗುತ್ತ ಹೋದಂತೆ ಇನ್ನಷ್ಟು ಕಾಯುತ್ತದೆ, ಲಕ್ಷ ಡಿಗ್ರಿ ದಾಟುವುದೂ ಉಂಟು. ಅದರ ಅತಿನೇರಳೆ ಬೆಳಕು ತಾಕಿದಲ್ಲೆಲ್ಲ ಕಳಚಿದ ಅನಿಲ ಹೊಳೆಯುತ್ತದೆ. ಆ ಅನಿಲ ಸೆಕೆಂಡಿಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹೋಗುತ್ತಲೇ ಇರುತ್ತದೆ. ಆದರೂ ದೂರ ಎಷ್ಟೆಂದರೆ, ಹತ್ತಾರು ವರ್ಷ ಕಾದರೆ ಚಿತ್ರದಲ್ಲಿ ಅಂಚು ಒಂದೋ ಎರಡೋ ಚುಕ್ಕಿಯಷ್ಟು, ಅಂದರೆ ಪಿಕ್ಸೆಲ್‌ನಷ್ಟು, ಸರಿದೀತು.

ಆ ಒಂದು ಚುಕ್ಕಿಯನ್ನು ಅಳೆಯುವುದೇ ನನ್ನ ಪಿಎಚ್.ಡಿ. ಪ್ರಬಂಧ. ಬಾಹ್ಯಾಕಾಶ ದೂರದರ್ಶಕವೊಂದು ಹದಿನಾಲ್ಕು ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಂಗ್ರಹದಲ್ಲಿವೆ. ಎರಡೂ ಆಮ್ಲಜನಕದ ಹಸಿರು ಬೆಳಕಿನಲ್ಲಿ ತೆಗೆದವು. ಸುತ್ತಲಿನ ಏಳು ಮಸುಕು ನಕ್ಷತ್ರಗಳನ್ನು ಹೊಲದ ಗಡಿಯ ಬಾಂದು ಕಲ್ಲುಗಳಂತೆ ಹಿಡಿದು ಒಂದರ ಮೇಲೊಂದು ಕೂರಿಸಬೇಕು. ನಡುವಿನಿಂದ ಎಪ್ಪತ್ತೆರಡು ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ಹೊಳಪು ಒಂದು ಗೊತ್ತಾದ ಮಟ್ಟಕ್ಕೆ ಇಳಿಯುವ ಜಾಗವನ್ನು ಅಂಚು ಎಂದು ಗುರುತಿಸಬೇಕು. ಅಂಚು ಎಷ್ಟು ಸರಿಯಿತು ಎಂದು ಗೊತ್ತಾದರೆ ನೀಹಾರಿಕೆಯ ವಯಸ್ಸು ಸಿಗುತ್ತದೆ, ಅದನ್ನು ನಡುವಿನ ನಕ್ಷತ್ರ ಬೆಳೆದು ಬಂದ ಹಾದಿಯೊಂದಿಗೆ ಹೋಲಿಸಬಹುದು. ವರ್ಷದ ಕೊನೆಯೊಳಗೆ ಪ್ರಬಂಧ ಕೊಡದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು. ಅಷ್ಟು ಹೊತ್ತಿಗೆ ಎರಡು ಸಲ ಅವಧಿ ವಿಸ್ತರಿಸಿಕೊಂಡಾಗಿತ್ತು, ಮೂರನೆಯ ಸಲ ಇಲ್ಲ ಎಂದು ಬರವಣಿಗೆಯಲ್ಲೇ ತಿಳಿಸಿದ್ದರು.

ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಅಂಚು ಹೊರಕ್ಕೆ ಒಂದು ಚುಕ್ಕಿ ಸರಿಯಬೇಕಿತ್ತು, ಒಳಕ್ಕೆ ಅರ್ಧ ಚುಕ್ಕಿ ಸರಿದಿತ್ತು. ಎಪ್ಪತ್ತೆರಡು ಗೆರೆಗಳಲ್ಲಿ ಒಂದೂ ಹೊರಕ್ಕೆ ಹೋಗಿರಲಿಲ್ಲ. ಮತ್ತೆ ಮಾಡಿದೆ, ಅದೇ ಬಂತು. ಸಾಯುತ್ತಿರುವ ನಕ್ಷತ್ರದ ಸುತ್ತ ಸಿಡಿದು ಹೋಗುತ್ತಿರುವ ಅನಿಲ ತಿರುಗಿ ಒಳಕ್ಕೆ ಬರುವುದುಂಟೇ? ಮುಖ ತೊಳೆದುಕೊಂಡು ಬಂದು ಪರದೆ ನೋಡಿದೆ. ಬಳೆಯಂತಿದ್ದ ಆ ಹಸಿರು ನೀಹಾರಿಕೆ ಯಾರೋ ಹಿಡಿದು ಅದುಮಿದಂತೆ ಕಾಣಿಸಿತು.

ನನ್ನ ಮಾರ್ಗದರ್ಶಕರು ಶಿವಮೊಗ್ಗದಲ್ಲಿರುವ ಒಬ್ಬ ಪ್ರಾಧ್ಯಾಪಕಿ. ಬಳ್ಳಿಗಾವಿಯಲ್ಲಿ ಒಂದು ಗದ್ದೆ ಅಳೆದು ಮುಗಿಸಿ ಗುಡಿಯ ಗೋಡೆಯ ನೆರಳಿನಲ್ಲಿ ಕೂತು ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ನೀಹಾರಿಕೆ ಕುಗ್ಗಲ್ಲ ಕಣ್ರೀ," ಎಂದರು. "ಎರಡನೇ ಚಿತ್ರದ ಹೊಳಪು ನೋಡಿದ್ರಾ?"

"ಕಡಿಮೆ ಇದೆ ಮೇಡಂ. ಬಳೆ ಪೂರ್ತಿ."

"ಕ್ಯಾಮೆರಾಗೆ ವಯಸ್ಸಾಗಿರುತ್ತೆ. ಬೆಳಕು ಕಡಿಮೆ ಹಿಡಿದ್ರೆ ಅಂಚು ಒಳಗೇ ಕಾಣುತ್ತೆ. ನಕ್ಷತ್ರಗಳನ್ನ ಇಟ್ಕೊಂಡು ಹೊಳಪು ಸರಿಹೊಂದಿಸಿ, ಆಮೇಲೆ ಅಳೀರಿ."

ಮಾತು ನ್ಯಾಯವಾಗಿತ್ತು. ಗೋಡೆಗೊರಗಿ ಐದು ನಿಮಿಷ ಕಣ್ಣು ಮುಚ್ಚಿದೆ.

ಮಾರನೆಯ ದಿನ ಹೊಸಬಾಳೆಯಲ್ಲಿ ಒಂದು ಪೋಡಿ ಕೆಲಸವಿತ್ತು. ಮೈದುನನ ಪಾಲನ್ನು ಬೇರೆ ಮಾಡಿಸಿ ತಮ್ಮ ಪಾಲಿಗೆ ನಕ್ಷೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟಿದ್ದವರು ಐವತ್ತರ ಆಸುಪಾಸಿನ ಒಬ್ಬ ರೈತ ಮಹಿಳೆ. ಜಮೀನಿನ ಒಂದು ಮಗ್ಗುಲಿಗೆ ಹಳ್ಳ ಹರಿಯುತ್ತದೆ, ಆ ಕಡೆಯದು ಅವರ ಪಾಲು. ಟೇಪಿನ ಒಂದು ತುದಿ ಹಿಡಿಯಲು ಬೇರೆ ಯಾರನ್ನೂ ಕರೆಯದೆ ತಾವೇ ನಿಂತರು.

"ಹಳ್ಳದ ಬದಿಗೆ ಅನಾನಸ್ ಹನ್ನೊಂದು ಸಾಲು ಹಾಕಿದ್ವಿ ಸಾರ್. ಈಗ ಒಂಬತ್ತೇ ಐತೆ. ಅದನ್ನೂ ಬರ್ಕಳ್ಳಿ," ಎಂದರು.

"ಸಾಲು ನಮಗೆ ಬೇಡಮ್ಮ. ಬಾಂದು ಕಲ್ಲು ತೋರ್ಸಿ, ಸಾಕು."

"ಕಲ್ಲು ಮೂರೇ ಇರೋದು. ನಾಕನೇದು ಕಾಣ್ತಿಲ್ಲ."

"ಎಲ್ಲೋ ಮಣ್ಣಲ್ಲಿ ಹೂತಿರುತ್ತೆ."

ಅವರು ಮತ್ತೇನೋ ಹೇಳಲು ಬಾಯಿ ತೆರೆದರು, ನಾನು ಆಗಲೇ ಮುಂದಿನ ಗೆರೆಗೆ ಹೊರಟಿದ್ದೆ. ನಾವು ಗಡಿ ಅಳೆಯುವವರು. ಒಳಗೆ ಏನು ಬೆಳೆದಿದೆ, ಎಷ್ಟು ಸಾಲು, ಎಷ್ಟು ಮರ ಎಂಬುದಕ್ಕೆ ನಕ್ಷೆಯಲ್ಲಿ ಜಾಗವಿಲ್ಲ. ಹಳ್ಳದ ಕಡೆಯಿಂದ ದೊಪ್ ಎಂದು ಏನೋ ನೀರಿಗೆ ಬಿದ್ದ ಸದ್ದಾಯಿತು. ನಾನು ತಲೆ ಎತ್ತಲಿಲ್ಲ.

ದಾಖಲೆಯಲ್ಲಿ ಅವರ ಪಾಲು ಎರಡು ಎಕರೆ ಹತ್ತು ಗುಂಟೆ. ನನಗೆ ಬಂದದ್ದು ಮೂರು ಗುಂಟೆ ಕಡಿಮೆ. ಕೋಣೆಗೆ ಬಂದು ಎಲ್ಲ ಗೆರೆಗಳಿಗೂ ಐದೈದು ಅಡಿಯಂತೆ ಹಂಚಿದೆ, ನಕ್ಷೆ ದಾಖಲೆಗೆ ಸರಿಯಾಗಿ ಕೂತಿತು. ನಕ್ಷೆಯ ಪ್ರತಿ ತೆಗೆದುಕೊಳ್ಳಲು ಬಂದಾಗ ಆಕೆ ಹಳ್ಳದ ಬದಿಯ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು, "ಇಷ್ಟು ಜಾಗ ಐತಾ ನಮ್ದು? ಹಂಗಾರೆ ಈ ಕಡೇನೇ ಮನೆ ಕಟ್ತೀವಿ." ಐತೆ, ಕಟ್ಟಿ ಎಂದೆ.

ನೀಹಾರಿಕೆಯ ಲೆಕ್ಕವನ್ನೂ ಅದೇ ವಾರ ಕೂತು ಸರಿಮಾಡಿದೆ. ಮೇಡಂ ಹೇಳಿದ್ದು ನಕ್ಷತ್ರಗಳನ್ನು ಇಟ್ಟುಕೊಂಡು ಹೊಳಪು ಸರಿಹೊಂದಿಸಿ ಎಂದು. ನನ್ನ ಏಳು ನಕ್ಷತ್ರಗಳು ತೀರ ಮಸುಕಾಗಿದ್ದವು, ಜಾಗ ಗುರುತಿಸಲು ಸಾಕು, ಹೊಳಪು ಅಳೆಯಲು ಪ್ರತಿಯೊಂದಕ್ಕೂ ಒಂದು ದಿನ ಹಿಡಿಯುತ್ತಿತ್ತು. ನೀಹಾರಿಕೆಯೋ ದೊಡ್ಡದು, ಢಾಳಾಗಿ ಹೊಳೆಯುವಂಥದ್ದು. ಎರಡನೇ ಚಿತ್ರವನ್ನು ಒಂದು ಗುಣಕದಿಂದ ಹೆಚ್ಚಿಸಿ ಎರಡರಲ್ಲೂ ನೀಹಾರಿಕೆಯ ಒಟ್ಟು ಹೊಳಪು ಒಂದೇ ಆಗುವಂತೆ ಮಾಡಿದೆ. ಅಂಚು ಹೊರಕ್ಕೆ ಸರಿಯಿತು. ಚಿತ್ರದ ಹಿನ್ನೆಲೆಯ ಬೆಳಕನ್ನು ಒಂದಿಷ್ಟು ತಿದ್ದಿದೆ, ಇನ್ನಷ್ಟು ಸರಿದು ಬೇಕಾದ ಜಾಗಕ್ಕೆ ಬಂದು ನಿಂತಿತು. ಅಳೆಯಬೇಕಾದ ವಸ್ತುವನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ ಎಂದು ಆಗ ಹೊಳೆಯಲಿಲ್ಲ. ಕೊರತೆ ಬಂದಿತ್ತು, ಹಂಚಿದ್ದೆ.

ಸಿಕ್ಕ ವಯಸ್ಸು ಮೇಡಂ ಅವರ ಹಳೆಯ ಲೆಕ್ಕಕ್ಕೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ನಡುವಿನ ನಕ್ಷತ್ರ ಇನ್ನೂ ಸಾವಿರಾರು ವರ್ಷ ಹೀಗೇ ಉರಿಯುತ್ತದೆ ಎಂಬುದು ಅವರು ಬಹಳ ಹಿಂದೆ ಹೇಳಿದ ಮಾತು. ಅವರು ಫೋನಿನಲ್ಲೇ ಬೆನ್ನು ತಟ್ಟಿದರು. ಐದನೇ ಅಧ್ಯಾಯ ಬರೆದು ಮುಗಿಸಿ ನವೆಂಬರ್ ಕೊನೆಗೆ ಪ್ರಬಂಧವನ್ನು ಮುದ್ರಣಕ್ಕೆ ಕೊಟ್ಟೆ. ಏಳು ವರ್ಷದಲ್ಲಿ ಮೊದಲ ಬಾರಿಗೆ ಲೆಕ್ಕ ಇಷ್ಟು ಚೆನ್ನಾಗಿ ಬಂದಿತ್ತು. ಅವತ್ತಿನಿಂದಲೇ ನನಗೆ ಭಯ ಶುರುವಾಯಿತು.

ಭಯಕ್ಕೆ ಕಾರಣ ಹೇಳಲು ಬರುತ್ತಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಲ್ಯಾಪ್‌ಟಾಪ್ ತೆರೆದು ಚಿತ್ರ ನೋಡುತ್ತಿದ್ದೆ, ಮುಚ್ಚುತ್ತಿದ್ದೆ. ಅಂಜನಾಪುರದ ನಾಲೆ ಬದಿಯಲ್ಲಿ ಅಳತೆ ಮಾಡುವಾಗ ಚೈನಿನ ಎಣಿಕೆ ಮೂರು ಸಲ ತಪ್ಪಿತು, ಜಮೀನಿನವರು ನಕ್ಕರು. ಆ ವಾರವೆಲ್ಲ ಅಕಾಲದ ಮಳೆ. ಕೆಲಸ ನಿಂತು ಕೋಣೆಯಲ್ಲೇ ಉಳಿಯುವ ಹಾಗಾಯಿತು. ಮಾಡಲು ಬೇರೇನೂ ಇರಲಿಲ್ಲ, ಬಿಟ್ಟಿದ್ದ ಕೆಲಸಕ್ಕೆ ಕೈಹಾಕಿದೆ. ಏಳು ನಕ್ಷತ್ರಗಳ ಹೊಳಪನ್ನು ಒಂದೊಂದಾಗಿ ಅಳೆದೆ.

ನಾನು ಸರಿಹೊಂದಿಸಿದ ಚಿತ್ರದಲ್ಲಿ ಏಳೂ ನಕ್ಷತ್ರಗಳು ಮೊದಲ ಚಿತ್ರಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಒಂದು ಹೆಚ್ಚಾದರೆ ಇರಲಿ ಎನ್ನಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದ ಏಳು ನಕ್ಷತ್ರಗಳು ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಹೆಚ್ಚು ಬೆಳಗುವುದಿಲ್ಲ. ಆ ಪ್ರಮಾಣ ನಾನು ಹಾಕಿದ ಗುಣಕವೇ ಆಗಿತ್ತು. ಅಂದರೆ ಕ್ಯಾಮೆರಾಗೆ ಏನೂ ಆಗಿರಲಿಲ್ಲ. ಮಂಕಾಗಿದ್ದದ್ದು ನೀಹಾರಿಕೆ ಮಾತ್ರ.

ಗುಣಕ ತೆಗೆದುಹಾಕಿದೆ. ಅಂಚು ಮತ್ತೆ ಒಳಕ್ಕೆ ಹೋಗಿ ಕೂತಿತು. ಹಾಗಾದರೆ ಅನಿಲ ನಿಜವಾಗಿಯೂ ಹಿಂದಕ್ಕೆ ಬರುತ್ತಿದೆಯೇ? ಅಂಚನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗಲಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ, ಯಾಕೋ ಗೊತ್ತಿಲ್ಲ, ಹೊಸಬಾಳೆಯ ಆಕೆ ನೆನಪಾದರು. ಅನಾನಸ್ ಸಾಲು ಲೆಕ್ಕ ಹೇಳಿ ಅದನ್ನೂ ಬರ್ಕಳ್ಳಿ ಎಂದಿದ್ದರು. ನಾನು ಈವರೆಗೆ ನೀಹಾರಿಕೆಯ ಅಂಚು ಬಿಟ್ಟು ಒಳಗೆ ಏನಿದೆ ಎಂದು ನೋಡಿರಲೇ ಇಲ್ಲ. ಒಳಗೆ ಬೇಕಾದಷ್ಟು ಇತ್ತು. ಬಳೆಯ ಉದ್ದಕ್ಕೂ ಅನಿಲದ ಸಣ್ಣ ಸಣ್ಣ ಗಂಟುಗಳು, ಬೇರೆಬೇರೆಯಾಗಿ ಗುರುತು ಹಿಡಿಯಬಹುದಾದಂಥವು. ಹದಿಮೂರನ್ನು ಆರಿಸಿ ಎರಡೂ ಚಿತ್ರಗಳಲ್ಲಿ ಅವುಗಳ ಜಾಗ ಅಳೆದೆ.

ಹದಿಮೂರೂ ಹೊರಕ್ಕೆ ಹೋಗಿದ್ದವು. ಎಷ್ಟು ಹೋಗಬೇಕಿತ್ತೋ ಅಷ್ಟೇ.

ಅನಿಲ ಹೊರಕ್ಕೆ ಹೋಗುತ್ತಿದೆ, ಅಂಚು ಒಳಕ್ಕೆ ಬರುತ್ತಿದೆ. ಇವೆರಡೂ ನಿಜವಾಗಬೇಕಾದರೆ ಒಂದೇ ದಾರಿ. ನಾನು ಅಂಚು ಎಂದುಕೊಂಡದ್ದು ಅನಿಲದ ಅಂಚಲ್ಲ, ಬೆಳಕಿನ ಅಂಚು. ಅಂಗಳದಲ್ಲಿ ಲಾಟೀನಿನ ಬತ್ತಿ ಇಳಿಸಿದರೆ ಬೆಳಕಿನ ವೃತ್ತ ಕಿರಿದಾಗುತ್ತದೆ, ಅಂಗಳ ಇದ್ದಷ್ಟೇ ಇರುತ್ತದೆ. ಇಂಥ ಒಳತಿರುಳಿನ ಮೇಲೆ ಜಲಜನಕದ ಒಂದು ತೆಳು ಪದರ ಉರಿಯುತ್ತಿರುತ್ತದೆ. ಅದು ಮುಗಿದ ಮೇಲೆ ನಕ್ಷತ್ರದ ಹೊಳಪು ಕುಸಿಯುತ್ತದೆ. ಹಗುರವಾದ ನಕ್ಷತ್ರದಲ್ಲಿ ಇದೆಲ್ಲ ನಿಧಾನ, ಭಾರದ್ದಾದರೆ ಬಹಳ ಬೇಗ. ನಮ್ಮದು ಮೇಡಂ ಅಂದುಕೊಂಡದ್ದಕ್ಕಿಂತ ಭಾರದ್ದಿರಬೇಕು. ಹೊರಗಿನ ಅನಿಲಕ್ಕೆ ಅದರ ಬೆಳಕು ಸಾಲದೆ ಅಲ್ಲಿಯ ಹಸಿರು ಮೊದಲು ಆರುತ್ತಿದೆ. ಆರಿದ ಅನಿಲ ಕತ್ತಲಲ್ಲೂ ಹೊರಕ್ಕೆ ಹೋಗುತ್ತಲೇ ಇದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಸಂಗ್ರಹದಲ್ಲಿ ಮತ್ತೆ ಹುಡುಕಿದೆ. ಬೇರೆ ಯಾರೋ ಬೇರೆ ಕೆಲಸಕ್ಕೆ ತೆಗೆಸಿದ್ದ ಮೂರನೆಯ ಚಿತ್ರವೊಂದು ಈಚೆಗೆ ಸೇರಿತ್ತು. ಶಿಕಾರಿಪುರದ ಇಂಟರ್ನೆಟ್ಟಿನಲ್ಲಿ ಅದು ಇಳಿಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಚಿತ್ರ ಸಾಲುಸಾಲಾಗಿ ತೆರೆದುಕೊಳ್ಳುವಾಗ ನನ್ನ ಲೆಕ್ಕ ತಪ್ಪಾಗಿರಲಿ ಎಂದು ಬೇಡಿಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಏಳು ನಕ್ಷತ್ರಗಳು ಇದ್ದ ಹಾಗೇ ಇದ್ದವು. ಬಳೆ ಇನ್ನೂ ಕಿರಿದಾಗಿತ್ತು, ಹದಿಮೂರು ಗಂಟುಗಳಲ್ಲಿ ಹೊರಗಿನ ನಾಲ್ಕು ಕಾಣಲಿಲ್ಲ.

ಅವತ್ತು ಸಂಜೆ ಮೊದಲು ಹೋದದ್ದು ಹಿರಿಯ ಮೋಜಣಿದಾರರ ಮನೆಗೆ. ಯಾಕೆ ಹೋದೆ ಎಂದರೆ ಬೈಯಲು ಯಾರಾದರೂ ಬೇಕಿತ್ತು. ಅವರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು.

"ನೀವು ಅಳತೆ ಹಂಚಿದ ಮೇಲೆ ಯಾವತ್ತಾದ್ರೂ ಆ ಜಮೀನಿಗೆ ವಾಪಸ್ ಹೋಗಿ ನೋಡಿದೀರಾ?" ಎಂದು ಕೇಳಿದೆ.

ಅವರು ಅಡಕತ್ತರಿ ಕೆಳಗಿಟ್ಟರು.

"ಹೋಗಿದ್ರೆ ಗೊತ್ತಾಗ್ತಿತ್ತು," ಎಂದರು. "ಅದಕ್ಕೇ ಹೋಗಿಲ್ಲ."

ಬೈಯದೆ ಎದ್ದೆ. ಕೋಣೆಗೆ ಬಂದು ಮೇಡಂಗೆ ಫೋನ್ ಮಾಡಿದೆ. ಏಳು ನಕ್ಷತ್ರಗಳ ವಿಷಯ, ಗಂಟುಗಳ ವಿಷಯ, ಮೂರನೇ ಚಿತ್ರ ಎಲ್ಲವನ್ನೂ ಹೇಳಿದೆ. ನೀವು ಹೇಳಿದ ಹಾಗೆ ಮಾಡಲಿಲ್ಲ, ತಪ್ಪು ನನ್ನದು ಎಂದೂ ಹೇಳಿದೆ.

"ನೀವು ಹೇಳ್ತಿರೋದು ಸರಿ ಇದ್ರೆ," ಎಂದರು ಮೇಡಂ, "ಸಾವಿರಾರು ವರ್ಷ ಉರಿಯುತ್ತೆ ಅಂತ ನಾನು ಬರೆದ ನಕ್ಷತ್ರ, ನಾನು ಬರೆಯುವಾಗಲೇ ಆರ್ತಾ ಇತ್ತು."

"ಹೌದು ಮೇಡಂ."

"ಪ್ರಬಂಧ ಬೈಂಡಿಂಗ್ ಆಗಿದೆಯಲ್ರೀ."

"ಆಗಿದೆ."

"ಐದನೇ ಅಧ್ಯಾಯ ಮತ್ತೆ ಬರೀಬೇಕು ಅಂದ್ರೆ ಈ ವರ್ಷ ಆಗಲ್ಲ. ಮುಂದಿನ ವರ್ಷ ನಿಮಗಿಲ್ಲ. ಹಾಗೇ ಕೊಟ್ಬಿಟ್ರೆ ಯಾರಿಗೂ ಗೊತ್ತಾಗಲ್ಲ, ಅದೂ ನಿಜ. ಏನ್ ಮಾಡ್ತೀರಿ, ನೀವೇ ಹೇಳಿ."

ಮೇಜಿನ ಮೇಲೆ ಹೊಸಬಾಳೆಯ ನಕ್ಷೆಯ ಕಚೇರಿ ಪ್ರತಿ ಬಿದ್ದಿತ್ತು. ಕೆಳಗಡೆ ನನ್ನ ಸಹಿ. ಮೂರು ಗುಂಟೆ ಹಂಚಿದ ಗೆರೆಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ನನಗೇ ಹೆದರಿಕೆಯಾಯಿತು. ಪ್ರಬಂಧ ಕೊಡಲ್ಲ ಮೇಡಂ ಎಂದೆ. ಏಳು ವರ್ಷ ಹೋಯಿತು ಎಂದು ಆ ಕ್ಷಣದಲ್ಲಿ ಅನ್ನಿಸಲಿಲ್ಲ, ಅದು ಆಮೇಲೆ ಬಸ್ಸಿನಲ್ಲಿ ಅನ್ನಿಸಿ ಕಣ್ಣಲ್ಲಿ ನೀರು ಬಂತು.

"ಸರಿ," ಎಂದರು. "ಇದನ್ನ ಯಾರಾದ್ರೂ ಬರೀಲೇಬೇಕು. ನೀವೇ ಬರೀರಿ, ಪದವಿ ಇಲ್ದೇ. ನನ್ನ ಹಳೇ ಲೆಕ್ಕ ತಪ್ಪು ಅಂತ ಮೊದಲ ಸಾಲಲ್ಲೇ ಹಾಕಿ."

ಮರುದಿನ ಬೆಳಗಿನ ಬಸ್ಸಿಗೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಅಲ್ಲಿಂದ ಹೊಸಬಾಳೆಗೆ ಹೋದೆ. ಮಳೆ ನಿಂತು ಮೂರು ದಿನವಾಗಿತ್ತು. ಜಮೀನಿನ ಬಾಯಲ್ಲೇ ಜಂಬಿಟ್ಟಿಗೆ ಕಲ್ಲುಗಳನ್ನು ಪೇರಿಸಿದ್ದು ಕಂಡಿತು. ಅನಾನಸ್ ಸಾಲುಗಳಿಗೆ ತಾಗಿದಂತೆ ಪಾಯ ತೋಡಿದ್ದರು, ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಜಗಲಿ. ಪಾಯದ ಗುಂಡಿಯಲ್ಲಿ ಮಳೆಯ ನೀರು ನಿಂತಿತ್ತು. ಆಕೆ ಬಕೆಟ್ಟಿನಲ್ಲಿ ಅದನ್ನು ಮೊಗೆದು ಚೆಲ್ಲುತ್ತಿದ್ದರು.

"ಬರ್ರಿ ಸಾರ್. ಎಂತ, ನಕ್ಷೆಗೆ ಮತ್ತೆ ಸೈನ್ ಬೇಕಿತ್ತಾ?"

"ಇಲ್ಲಮ್ಮ. ನಕ್ಷೆ ತಪ್ಪಾಗಿದೆ. ನಾನೇ ತಪ್ಪು ಮಾಡಿದ್ದು. ಹಳ್ಳದ ಕಡೆ ಅಷ್ಟು ಜಾಗ ಇಲ್ಲ."

ಅವರು ಬಕೆಟ್ ಕೆಳಗಿಟ್ಟು ಕೈ ಒರೆಸಿಕೊಂಡರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ, ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ನಮಗೂ ಹಂಗೇ ಅನಿಸಿತ್ತು," ಎಂದರು. "ಆದ್ರೆ ಓದ್ದೋರು ಬರ್ದು ಕೊಟ್ಟಿದ್ದು, ನಮ್ ಕಣ್ಣೇ ಸುಳ್ಳಿರಬೋದು ಅಂದ್ಕಂಡ್ವಿ. ಬರ್ರಿ, ಒಂದು ತೋರಿಸ್ತೀನಿ."

ದಡದ ಹತ್ತಿರ ಕರೆದೊಯ್ದರು. ಒಂದು ಮಾರು ದೂರದಲ್ಲೇ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಕೆಳಗೆ ಕೆಂಪು ನೀರಿನ ನಡುವೆ, ದಡದಿಂದ ಎಷ್ಟೋ ಆಚೆ, ಚೌಕನೆಯ ಕಲ್ಲೊಂದು ವಾರೆಯಾಗಿ ನಿಂತಿತ್ತು. ನಾಲ್ಕನೇ ಬಾಂದು ಕಲ್ಲು. ನಾನು ಹೂತಿರುತ್ತೆ ಎಂದು ಹೇಳಿದ ಕಲ್ಲು ಹಳ್ಳದಲ್ಲಿತ್ತು. ಕಾಗದದ ಮೇಲೆ ಎಲ್ಲ ಕಡೆಗೂ ಹಂಚಿದ್ದ ಕೊರತೆ ನೆಲದ ಮೇಲೆ ಈ ಒಂದು ಕಡೆಗೇ ಬಿದ್ದಿತ್ತು. ನಾವು ನಿಂತ ಜಾಗಕ್ಕೂ ದಡಕ್ಕೂ ನಡುವೆ ಹುಲ್ಲಿನಲ್ಲಿ ಬೆರಳು ತೂರುವಷ್ಟು ಬಿರುಕು ಉದ್ದಕ್ಕೆ ಹೋಗಿತ್ತು.

ನಕ್ಷೆಯನ್ನು ಹಿಂದಕ್ಕೆ ಪಡೆಯುವುದಾಗಿ ಕಚೇರಿಗೆ ಬರೆದ ಪತ್ರವನ್ನು ಅವರಿಗೆ ತೋರಿಸಿದೆ. ಪರವಾನಗಿಗೆ ಏನಾಗುತ್ತದೋ ಗೊತ್ತಿಲ್ಲ, ಪಾಯ ಮಾತ್ರ ಇಲ್ಲಿ ಬೇಡ, ಮೇಲಕ್ಕೆ ಹೋಗಲಿ ಎಂದೆ.

"ಎಷ್ಟು ಮೇಲಕ್ಕೆ?"

ಆ ಪ್ರಶ್ನೆಗೆ ಯಾವ ದಾಖಲೆಯಲ್ಲೂ ಉತ್ತರವಿರಲಿಲ್ಲ. "ಈ ಅನಾನಸ್ ಹಾಕಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದೆ.

"ಮೂರು. ಹಾಕಿದ್ದು ಹನ್ನೊಂದು ಸಾಲು. ನೀವು ಬಂದಾಗ ಒಂಬತ್ತು."

"ಈಗ?"

ಅವರು ಪಾಯದ ಕಡೆಯಿಂದ ಶುರುಮಾಡಿ ಬೆರಳು ತೋರಿಸುತ್ತ ದಡದವರೆಗೆ ಎಣಿಸಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಎಂಟು," ಎಂದರು. "ಈ ಸಲನಾದ್ರೂ ಬರ್ಕಳ್ತೀರಾ?"

ಅಳತೆ ಪುಸ್ತಕ ತೆಗೆದು, ಅಂಚಿನ ಗೆರೆಗಳನ್ನೆಲ್ಲ ಬಿಟ್ಟು, ಹಾಳೆಯ ನಡುವೆ ಅನಾನಸ್, ಸಾಲು ಎಂದು ಬರೆದೆ. ಅಂಕಿ ಬರೆಯುವಷ್ಟರಲ್ಲಿ ದಡದ ಕಡೆಯಿಂದ ದೊಪ್ ಎಂದಿತು. ಈ ಸಲ ಇಬ್ಬರೂ ತಲೆ ಎತ್ತಿದೆವು. ನೀರು ಅಲ್ಲಾಡಿ ಸುಮ್ಮನಾಯಿತು.

"ತಡೀರಿ ಸಾರ್, ಬರೀಬೇಡಿ," ಎಂದರು ಆಕೆ. "ಇನ್ನೊಂದ್ಸಲ ಎಣಿಸ್ತೀನಿ."